ಬೇವು ಕುಡಿಯುವ ಹಬ್ಬ

ಚೀನ ದೇಶದಲ್ಲಿ ಹೊಸವರ್ಷದ ಊಟಕ್ಕೆ ಮಾಡುವ ಒಂದು ಸಿಹಿ ತಿನಿಸು ಉಂಟು. ಅದಕ್ಕೆ ‘ಬಾ ಬಾವೊ ಫಾನ್’ ಎಂದು ಹೆಸರು. ‘ಬಾ’ ಎಂದರೆ ಎಂಟು, ‘ಬಾವೊ’ ಎಂದರೆ ನಿಧಿ, ‘ಫಾನ್’ ಎಂದರೆ ಅನ್ನ. ಕೂಡಿಸಿ ಹೇಳಿದರೆ ಎಂಟು ನಿಧಿಗಳ ಅನ್ನ. ಮೊದಲು ಒಂದು ಬಟ್ಟಲಿನ ಒಳಮೈಗೆ ಜಿಡ್ಡು ಸವರಿ ಅದರ ತಳದಲ್ಲಿ ಕಮಲದ ಬೀಜ, ನಮ್ಮ ಬಾರಿಹಣ್ಣಿನ ಬಳಗಕ್ಕೆ ಸೇರಿದ ಕೆಂಪು ಹಣ್ಣು, ಲಿಚ್ಚಿಯ ಬಳಗದ ಲೋಂಗನ್ ಹಣ್ಣು, ಸಕ್ಕರೆಯಲ್ಲಿ ಪಾಕಗೊಳಿಸಿದ ಬೇರೆ ಬೇರೆ ಹಣ್ಣಿನ ಹೋಳು ಇವುಗಳನ್ನು ಚಿತ್ರ ಬಿಡಿಸಿದಂತೆ ಜೋಡಿಸುತ್ತಾರೆ. ಅದರ ಮೇಲೆ ಬೇಯಿಸಿದ ಅಂಟಕ್ಕಿಯ ಅನ್ನ, ನಡುವೆ ಕೆಂಪು ಕಾಳಿನ ಹೂರಣ, ಮತ್ತೆ ಅನ್ನ. ಹಬೆಯಲ್ಲಿ ಬೇಯಿಸಿದ ತರುವಾಯ ಬಟ್ಟಲನ್ನು ತಟ್ಟೆಯ ಮೇಲೆ ಬೋರಲು ಹಾಕಿದರೆ ತಳದಲ್ಲಿದ್ದ ಚಿತ್ರ ಮೇಲಕ್ಕೆ ಬರುತ್ತದೆ. ಆಮೇಲೆ ಸಕ್ಕರೆ ಪಾಕ ಸುರಿದು ಎಲ್ಲರೂ ಒಂದೇ ತಟ್ಟೆಯಿಂದ ಹಂಚಿಕೊಂಡು ತಿನ್ನುತ್ತಾರೆ.

ಈ ತಿನಿಸಿನಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಅರ್ಥವುಂಟು. ಆ ಅರ್ಥವು ಬಹುಮಟ್ಟಿಗೆ ಹುಟ್ಟುವದು ರುಚಿಯಿಂದಲ್ಲ, ಉಚ್ಚಾರದಿಂದ! ಎಂಟು ಎಂಬ ‘ಬಾ’ ಶಬ್ದವು ಏಳಿಗೆಯಾಗುವದು ಎಂಬ ಅರ್ಥದ ‘ಫಾ’ ಶಬ್ದಕ್ಕೆ ಹತ್ತಿರ. ಕಮಲದ ಬೀಜಕ್ಕೆ ‘ಲಿಯೆನ್‌ಜ’ ಎನ್ನುವರು. ಅದೇ ಧ್ವನಿಗೆ ‘ಒಂದರ ಮೇಲೊಂದು ಗಂಡುಮಕ್ಕಳು’ ಎಂಬ ಅರ್ಥವೂ ಹೊರಡುತ್ತದೆ. ಕೆಂಪು ಹಣ್ಣಿನ ಹೆಸರಾದ ‘ಜಾವೊ’ ಎಂಬುದಕ್ಕೆ ‘ಬೇಗನೆ’ ಎಂಬ ಅರ್ಥ ಬರುತ್ತದೆ. ಲೋಂಗನ್ನಿನ ಇನ್ನೊಂದು ಹೆಸರಿನಲ್ಲಿ ‘ದುಂಡಗಿನದು’ ಎಂಬ ಮಾತು ಇರುವದರಿಂದ ಅದು ಮನೆಮಂದಿಯೆಲ್ಲ ಒಟ್ಟಿಗೆ ಸೇರುವದರ ಗುರುತು. ಅಂಟಕ್ಕಿಯ ಅಂಟಿಗೆ ಮಾತ್ರ ಶಬ್ದದ ಸಹಾಯ ಬೇಕಿಲ್ಲ. ನಾಲ್ವತ್ತು ಪದಗಳ ಶ್ಲೇಷೆಯನ್ನು ಪಂಡಿತರು ಪದ್ಯದಲ್ಲಿ ಮಾಡಿದರೆ ಚೀನದ ಗೃಹಿಣಿಯರು ಅದನ್ನು ಬಟ್ಟಲಿನಲ್ಲಿ ಮಾಡಿದ್ದಾರೆ ಎನ್ನಬಹುದು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದು. ಕಮಲದ ಬೀಜದ ನಡುವೆ ಒಂದು ಹಸಿರು ಮೊಳಕೆ ಇರುತ್ತದೆ. ಅದು ಬಲು ಕಹಿ. ಔಷಧಕ್ಕೆ ಅದನ್ನು ಬೇರೆಯಾಗಿ ಉಪಯೋಗಿಸುತ್ತಾರೆ. ಸಿಹಿಗೆ ಬಳಸುವಾಗ ಮಾತ್ರ ಕಿತ್ತು ತೆಗೆಯುತ್ತಾರೆ. ಹೊಸವರ್ಷದ ದಿನ ಕಹಿಯ ಸುಳಿವೂ ಬಾಯಿಗೆ ಸೋಂಕಬಾರದು. ಅಶುಭದ ಮಾತನ್ನೂ ಅಂದು ಆಡಬಾರದೆಂಬ ನಿಯಮವಿರುವ ಆ ಜನಕ್ಕೆ ಇದು ಸಹಜವೇ. ಆದರೆ ನಮ್ಮ ಹೊಸವರ್ಷದ ದಿನ ನಾವು ಮಾಡುವದೇನು? ಕಹಿಯನ್ನು ಹುಡುಕಿಕೊಂಡು ಮರದ ಬುಡಕ್ಕೆ ಹೋಗುತ್ತೇವೆ. ಒಂದೇ ಬಗೆಯ ಹಬ್ಬ, ಒಂದೇ ಬಗೆಯ ಚಾಂದ್ರ ಪಂಚಾಂಗ. ನಡೆ ಮಾತ್ರ ತದ್ವಿರುದ್ಧ. ಈ ಲೇಖನಕ್ಕೆ ಈ ವಿಚಾರವೇ ಮೂಲ.

ಚೀನದ ಸಿಹಿಗೂ ನಮ್ಮ ಸೀಮೆಗೂ ಏನು ಸಂಬಂಧವೆಂದು ಕೇಳುವವರಿಗೆ ಒಂದು ಮಾತು. ಈ ಎಂಟು ನಿಧಿಗಳ ಅನ್ನಕ್ಕೆ ಒಬ್ಬ ಬಡ ಬಂಧುವುಂಟು. ಅವರ ಹನ್ನೆರಡನೆಯ ತಿಂಗಳ ಎಂಟನೆಯ ದಿನ, ಕಾಳುಕಡಿ ಬೀಜಗಳನ್ನೆಲ್ಲ ಕೂಡಿಸಿ ಕುದಿಸುವ ಗಂಜಿ ಅದು. ಚೀನದ ಬೌದ್ಧರು ಆ ದಿನವನ್ನು ಭಗವಾನ್ ಬುದ್ಧನಿಗೆ ಜ್ಞಾನೋದಯವಾದ ದಿನವೆಂದು ಆಚರಿಸುವರು. ವಿಹಾರಗಳಲ್ಲಿ ಗಂಜಿ ಹಂಚುವರು. ಹಸಿದು ಬಳಲಿದ ಸಿದ್ಧಾರ್ಥನಿಗೆ ಸುಜಾತೆಯು ಪಾಯಸ ನೀಡಿದ ಕಥೆಯನ್ನು ಅದಕ್ಕೆ ಮೂಲವಾಗಿ ಹೇಳುವರು. ಸುಜಾತೆಯ ಪಾಯಸದ ಕಥೆ ನಮ್ಮ ಮುಂಡರಗಿ ತಾಲೂಕಿಗೂ ಅಪರಿಚಿತವಾಗಿರಲಿಕ್ಕಿಲ್ಲ. ಡಂಬಳದ 1095ನೆಯ ಇಸವಿಯ ಶಾಸನವು ಆ ಊರಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ಆರ್ಯ ತಾರಾದೇವಿಯನ್ನೂ ಹೆಸರಿಸುತ್ತದೆ. ಲಕ್ಕುಂಡಿಯ ಒಬ್ಬ ವ್ಯಾಪಾರಿ ಕಟ್ಟಿಸಿದ ತಾರೆಯ ವಿಹಾರದ ಪ್ರಸ್ತಾಪವೂ ಅದರಲ್ಲಿದೆ. ವ್ಯಾಪಾರಿಗಳು ಕಟ್ಟಿಸಿದ್ದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಒಂದು ಹಬ್ಬದ ಬಟ್ಟಲಿನಲ್ಲಿ ದೂರದೂರದ ವಸ್ತುಗಳು ಬಂದು ಸೇರುವದಕ್ಕೆ ವ್ಯಾಪಾರಿಗಳೇ ಕಾರಣ.

ಇನ್ನು ನಮ್ಮ ಬೇವಿಗೆ ಬರುವೆನು.

ಮೈಸೂರಿನ ಕಡೆಯವರಿಗೆ ಬೇವು-ಬೆಲ್ಲವೆಂದರೆ ಬೇವಿನ ಎಳೆಯ ಚಿಗುರು ಇಲ್ಲವೆ ಹೂವಿನೊಂದಿಗೆ ಒಂದು ಚೂರು ಬೆಲ್ಲ. ಅದನ್ನು ಅವರು ತಿನ್ನುತ್ತಾರೆ. ಮಹಾರಾಷ್ಟ್ರದವರು ಪಾಡ್ಯದ ದಿನ ಬೇವಿನ ಎಲೆಯನ್ನು ಬೆಲ್ಲ, ಅಜವಾನಗಳೊಂದಿಗೆ ಅರೆದು ನಾಲಿಗೆಗೆ ಹಚ್ಚಿಕೊಳ್ಳುವರು. ಆಂಧ್ರದವರು ‘ಪಚ್ಚಡಿ’ ಮಾಡುವರು. ಈ ಮೂವರ ನಡುವೆ ಇರುವ ನಾವು, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಜನ, ಬೇವನ್ನು ಕುಡಿಯುತ್ತೇವೆ. ‘ಬೇವು-ಬೆಲ್ಲ’ ಎಂಬ ಜೋಡಿ ಶಬ್ದವೂ ನಮ್ಮ ಮನೆಗಳಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲ. ಬರೀ ‘ಬೇವು’ ಸಾಕು. ಯುಗಾದಿಯ ದಿನ ಮುಂಜಾನೆ ಓಣಿಯಲ್ಲಿ ಎದುರಾದವರು ಕೇಳುವ ಮೊದಲ ಪ್ರಶ್ನೆ, “ಬೇವು ಕುಡದ್ರೇನು?” ಪರಸ್ಥಳದವರು ಇದನ್ನು ಕೇಳಿ ಮುಖ ಕಿವುಚುವದನ್ನು ನಾನು ಕಂಡಿದ್ದೇನೆ. ಕಷಾಯ ಕುಡಿಯುವ ಹಬ್ಬವೆಂದು ಅವರು ತಿಳಿದಿರುತ್ತಾರೆ. ಒಂದು ವಾಟಗ ಕುಡಿದ ಮೇಲೆ ಎರಡನೆಯದಕ್ಕೆ ಕೈ ಚಾಚುವರು.

ಅದರ ಪಾಕವನ್ನು ಬರೆದಿಡುವದು ಅವಶ್ಯ; ಏಕೆಂದರೆ ಅಚ್ಚಾದ ಅಡಿಗೆಯ ಪುಸ್ತಕಗಳಲ್ಲಿ ಇದು ಸುಲಭವಾಗಿ ಸಿಗುವದಿಲ್ಲ. ನಮ್ಮ ಮನೆಯಲ್ಲಿ ಅಮಾವಾಸ್ಯೆಯ ಸಂಜೆಯಿಂದಲೇ ಕೆಲಸ ಸುರುವಾಗುತ್ತದೆ. ಹುಣಸಿಹಣ್ಣನ್ನು ನೀರಿನಲ್ಲಿ ನೆನೆ ಇಡುವದು. ಉತ್ತತ್ತಿಯನ್ನು ನೆನೆಸಿ ಬೀಜ ತೆಗೆದು ಸಣ್ಣಗೆ ಹೆಚ್ಚುವದು. ಒಣಕೊಬ್ಬರಿ ತುರಿದು, ಗಸಗಸಿಯನ್ನು ಬೆಚ್ಚಗೆ ಹುರಿದು, ಎರಡನ್ನೂ ಪುಡಿ ಮಾಡುವದು. ಪುಟಾಣಿಯನ್ನು ನುಣ್ಣಗೆ ಹಿಟ್ಟು ಮಾಡುವದು. ಬದಾಮಿ, ಗೋಡಂಬಿಗಳನ್ನು ಚೂರು ಮಾಡುವದು. ಬೆಳಿಗ್ಗೆ ಎಣ್ಣೆ-ನೀರು ಆದ ಮೇಲೆ ಹೊಸ ಮಣ್ಣಿನ ಗಡಿಗೆಯಲ್ಲಿ ನೀರು ಹಾಕಿ ಬೆಲ್ಲ ಕರಗಿಸಿ ಸೋಸಬೇಕು. ಬೆಲ್ಲದಲ್ಲಿ ಹರಳು ಇರುತ್ತದೆ. ಸೋಸದಿದ್ದರೆ ವರ್ಷದ ಮೊದಲ ಗುಟುಕಿಗೇ ಹಲ್ಲು ಕಟಕೆನ್ನುತ್ತದೆ. ಅದಕ್ಕೆ ಹುಣಸಿಯ ರಸ, ತುರಿದ ಮಾವಿನಕಾಯಿ, ಒಣದ್ರಾಕ್ಷಿ, ಯಾಲಕ್ಕಿ, ಹೆಚ್ಚಿಟ್ಟ ಪುಡಿ ಮಾಡಿಟ್ಟ ಸಾಮಾನು. ಪುಟಾಣಿ ಹಿಟ್ಟನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ಉದುರಿಸಿ ಕೈಯಾಡಿಸಬೇಕು, ಇಲ್ಲವಾದರೆ ಗಂಟು ಕಟ್ಟುತ್ತದೆ. ಕೆಲವರು ಬಾಳೆಹಣ್ಣು ಹಾಕುವರು. ಕಟ್ಟಕಡೆಗೆ ಬೇವಿನ ಹೂವು. ಇಷ್ಟಾದರೆ ಅದು ಪಾನಕವೂ ಅಲ್ಲ, ಪಾಯಸವೂ ಅಲ್ಲ; ಕುಡಿಯುತ್ತ ಕುಡಿಯುತ್ತ ಅಗಿಯಬೇಕಾದ ಒಂದು ಪದಾರ್ಥ. ದೇವರಿಗೆ ನೈವೇದ್ಯವಾದ ತರುವಾಯ ಮನೆಮಂದಿಗೆ, ಆಮೇಲೆ ತಂಬಿಗೆಗಳಲ್ಲಿ ತುಂಬಿ ನೆರೆಹೊರೆಗೆ. ಮಧ್ಯಾಹ್ನದ ಊಟಕ್ಕೆ ಬಸಿದ ಶ್ಯಾವಿಗಿ ಬರುವದು ಇದಾದ ಮೇಲೆಯೇ.

ಎಣಿಸಿ ನೋಡಿದರೆ ನಮ್ಮ ಗಡಿಗೆಯಲ್ಲಿ ಎಂಟಲ್ಲ, ಹದಿಮೂರು ನಿಧಿಗಳಾದವು! ಹಾಗಾದರೆ ಇವುಗಳ ಅರ್ಥವೇನು?

ಯುಗಾದಿ ಹತ್ತಿರ ಬಂದಾಗ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ಒಂದು ಕೋಷ್ಟಕ ಕಾಣಿಸಿಕೊಳ್ಳುತ್ತದೆ. ಬೇವು ದುಃಖ, ಬೆಲ್ಲ ಸುಖ, ಹುಣಸೆಯ ಹುಳಿ ಬೇಸರ, ಮಾವಿನ ಒಗರು ಆಶ್ಚರ್ಯ, ಮೆಣಸಿನ ಖಾರ ಸಿಟ್ಟು, ಉಪ್ಪು ಭಯ, ಷಡ್ರಸಗಳೇ ಷಡ್ಭಾವಗಳು. ಓದಲು ಚೆನ್ನಾಗಿದೆ. ಆದರೆ ಈ ಕೋಷ್ಟಕವು ಆಂಧ್ರದ ಪಚ್ಚಡಿಗೆ ಒಪ್ಪುವಂಥದು. ನಮ್ಮ ಗಡಿಗೆಗೆ ಒಪ್ಪದು. ನಮ್ಮ ಬೇವಿನಲ್ಲಿ ಮೆಣಸಿನಕಾಯಿ ಎಲ್ಲಿದೆ? ಉಪ್ಪು ಎಲ್ಲಿದೆ? ಕೆಂಪು ಮೆಣಸಿನಕಾಯಿಗೆ ಹೆಸರಾದ ಸೀಮೆಯವರಾದ ನಾವು ಬೇವಿಗೆ ಅದನ್ನು ಮುಟ್ಟಿಸುವದಿಲ್ಲವೆಂಬುದು ಗಮನಿಸತಕ್ಕ ಮಾತು. ಇನ್ನು ಉತ್ತತ್ತಿಗೆ, ಗಸಗಸಿಗೆ, ಪುಟಾಣಿಗೆ ಯಾವ ಭಾವ? ಕೋಷ್ಟಕವು ಮೌನ. ಬೇರೆಯವರ ಅಂಗಿಯನ್ನು ನಮ್ಮ ಮೈಗೆ ತೊಡಿಸಿ, ತೋಳು ಉದ್ದವಾಯಿತೆಂದು ನಮ್ಮ ತೋಳನ್ನೇ ಎಳೆಯುವದು ನ್ಯಾಯವೇ?

ಬೇವು ಸ್ವೀಕರಿಸುವಾಗ ಹೇಳುವ ಸಂಸ್ಕೃತ ಶ್ಲೋಕವನ್ನಾದರೂ ನೋಡೋಣ. ನೂರು ವರ್ಷದ ಆಯುಷ್ಯ, ವಜ್ರದಂಥ ದೇಹ, ಸಕಲ ಸಂಪತ್ತು, ಸಕಲ ಅರಿಷ್ಟಗಳ ನಾಶ, ಇಷ್ಟಕ್ಕಾಗಿ ಬೇವಿನ ದಳವನ್ನು ತಿನ್ನಬೇಕೆಂಬುದು ಅದರ ತಾತ್ಪರ್ಯ. ಇಲ್ಲಿ ಬೇವು ದುಃಖದ ಗುರುತಲ್ಲ. ಅದೇ ಸಂಪತ್ತನ್ನು ಕೊಡುವಂಥದು, ಔಷಧ. ಕಹಿಯನ್ನು ಸಹಿಸಿಕೊಳ್ಳಿರೆಂದು ಶ್ಲೋಕ ಹೇಳುವದಿಲ್ಲ, ಕಹಿಯಿಂದ ಒಳ್ಳೆಯದಾಗುತ್ತದೆಂದು ಹೇಳುತ್ತದೆ. ಬೇವಿನ ಕಹಿಯ ಹಿಂದೆ ರಸಾಯನ ಶಾಸ್ತ್ರಜ್ಞರೂ ಬಿದ್ದಿದ್ದಾರೆ. ಸಲೀಮುಜ್ಜಮಾನ್ ಸಿದ್ದಿಕಿಯವರು 1942ರಲ್ಲಿ ಬೇವಿನ ಎಣ್ಣೆಯಿಂದ ‘ನಿಂಬಿನ್’ ಎಂಬ ಕಹಿದ್ರವ್ಯವನ್ನು ಬೇರ್ಪಡಿಸಿ ತೋರಿಸಿದರು. ಇಷ್ಟರಿಂದ ಯುಗಾದಿಯ ಒಂದು ವಾಟಗ ಬೇವು ವರ್ಷವಿಡೀ ರೋಗವನ್ನು ತಡೆಯುತ್ತದೆಂದು ವಾದಿಸುವವರ ಪಕ್ಷಕ್ಕೆ ನಾನು ಸೇರಲಾರೆ. ವರ್ಷಕ್ಕೊಮ್ಮೆ ನುಂಗಿದ ನಾಲ್ಕು ಹೂವಿಗೆ ಅಷ್ಟು ಭಾರ ಹೊರಿಸುವದು ಹೂವಿಗೆ ಅನ್ಯಾಯ.

ಸುಖ-ದುಃಖಗಳ ವ್ಯಾಖ್ಯಾನವನ್ನು ನಾನು ತಳ್ಳಿಹಾಕುತ್ತಿಲ್ಲ. ‘ಬೇ’ ‘ಬೆ’ಗಳ ಪ್ರಾಸದಿಂದಲೇ ಆ ಎರಡು ಶಬ್ದಗಳು ಕನ್ನಡದಲ್ಲಿ ಅವಳಿಗಳಂತೆ ಹೊಂದಿಕೊಂಡಿವೆ; ಒಂದನ್ನು ಆಡಿದರೆ ಇನ್ನೊಂದು ತಾನಾಗಿ ಬಾಯಿಗೆ ಬರುತ್ತದೆ. ಈ ಮಟ್ಟಿಗೆ ನಾವೂ ಚೀನದವರ ದಾರಿಯನ್ನೇ ಹಿಡಿದಿದ್ದೇವೆ. ನಾನು ಹೇಳುವದಿಷ್ಟೆ: ಸುಖ-ದುಃಖ ಸಮ ಎಂಬ ಮಾತಿಗೆ ಸಮಪಾಲು ಬೇಕಷ್ಟೆ? ನಮ್ಮ ಗಡಿಗೆಯಲ್ಲಿ ಬೆಲ್ಲ ಅಚ್ಚಿನ ಲೆಕ್ಕ, ಹೂವು ಚಿಟಿಕೆಯ ಲೆಕ್ಕ. ಹೀಗಿರಲು ನಮ್ಮ ಬೇವು ಬೇರೇನನ್ನೋ ಹೇಳುತ್ತಿರಬೇಕು. ಅದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಅಜ್ಜ.

ನಮ್ಮ ಅಜ್ಜ ಮುಂಡರಗಿ ತಾಲೂಕಿನ ಒಂದು ಹಳ್ಳಿಯಲ್ಲಿ ತಮ್ಮ ಹರೆಯದ ಕೆಲವು ವರ್ಷಗಳನ್ನು ಒಬ್ಬ ದೊಡ್ಡ ರೈತರ ಮನೆಯಲ್ಲಿ ಸಂಬಳದಾಳಾಗಿ ಕಳೆದವರು. ಆಳಿನ ವರ್ಷವೆಂದರೆ ಯುಗಾದಿಯಿಂದ ಯುಗಾದಿಗೆ. ಆ ದಿನ ಲೆಕ್ಕ ಮುಗಿಯಬೇಕು. ಮುಂಗಡ ಎಷ್ಟು ಕೊಟ್ಟದ್ದು, ಜೋಳ ಎಷ್ಟು ಅಳೆದದ್ದು, ಜ್ವರ ಬಂದು ಎಷ್ಟು ದಿನ ಕೆಲಸ ತಪ್ಪಿದ್ದು. ಮುಂದಿನ ವರ್ಷಕ್ಕೆ ಇರುವದೋ ಬಿಡುವದೋ ಎಂಬುದೂ ಅಂದೇ ತೀರ್ಮಾನವಾಗಬೇಕು. ಬಾಕಿ ತೀರದಿದ್ದರೆ ಬಿಡುವ ಮಾತು ಎಲ್ಲಿಂದ ಬಂತು? ಒಂದು ವರ್ಷದ ಜ್ವರದ ದಿನಗಳು ಅಜ್ಜನನ್ನು ಅದೇ ಮನೆಯಲ್ಲಿ ಇನ್ನೊಂದು ವರ್ಷ ಕಟ್ಟಿಹಾಕಿದವು. ಲೆಕ್ಕವಾದ ಮೇಲೆ ಆ ಮನೆಯ ಅವ್ವನವರು ಆಳುಗಳನ್ನು ಕರೆದು ಬೇವು ಕೊಡುತ್ತಿದ್ದರಂತೆ; ಕುಡಿದು ಅಜ್ಜ ತಮ್ಮ ಮನೆಗೆ ಬಂದರೆ ಅಲ್ಲಿಯೂ ಒಂದು ಗಡಿಗೆ ಬೇವು ಕಾದಿರುತ್ತಿತ್ತು. ಎರಡರ ಅಂತರವನ್ನು ಅಜ್ಜ ಹೇಳುವ ರೀತಿ ಇದು: “ಅವರ ಬೇವಿನ್ಯಾಗ ಉತ್ತತ್ತಿ ಹಲ್ಲಿಗೆ ಸಿಗತಿತ್ತು. ನಮ್ಮ ಬೇವಿನ್ಯಾಗ ಪುಟಾಣಿ ಹಿಟ್ಟು, ಬೆಲ್ಲ, ಹುಣಸಿಹುಳಿ, ಮುಗೀತು. ಹೂವಿನ ಕಹಿ ಮಾತ್ರ ಎರಡೂ ಕಡೆ ಅಷ್ಟ ಇತ್ತು ನೋಡಪಾ.”

ಈ ಮಾತನ್ನು ಅಜ್ಜ ಆಡಿದ್ದು ದೂರೆಂದಲ್ಲ, ಅಡಿಗೆಯ ವಿಚಾರವಾಗಿ. ಆದರೂ ಅದನ್ನು ಕೇಳಿದಂದಿನಿಂದ ಗಡಿಗೆಯ ಒಂದೊಂದು ವಸ್ತುವನ್ನೂ ನಾನು ಬೇರೆ ಕಣ್ಣಿನಿಂದ ನೋಡತೊಡಗಿದ್ದೇನೆ. ಯಾವುದು ಮನೆಯದು, ಯಾವುದು ಪೇಟೆಯದು?

ಕಡಲೆ ನಮ್ಮದೇ. ಗದಗ ಜಿಲ್ಲೆಯ ಎರೆ ಭೂಮಿಯಲ್ಲಿ ಅದು ಹಿಂಗಾರಿಯ ಮುಖ್ಯ ಪೀಕುಗಳಲ್ಲಿ ಒಂದು. ಮಳೆಗಾಲದ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನೆಚ್ಚಿ ಬೆಳೆದು ಯುಗಾದಿಗೆ ಮುಂಚೆ ಕಣದಿಂದ ಮನೆಗೆ ಬಂದಿರುತ್ತದೆ. ಅದನ್ನೇ ಭಟ್ಟಿಯಲ್ಲಿ ಕಾದ ಉಸುಕಿನೊಂದಿಗೆ ಹುರಿದು ಸಿಪ್ಪೆ ಬಿಡಿಸಿದರೆ ಪುಟಾಣಿ. ಹುಣಸಿಹಣ್ಣು ಬಡಿದು ಕುಟ್ಟಿ ಹೊಸದಾಗಿ ಬರುವದು ಇದೇ ದಿನಗಳಲ್ಲಿ. ಮಾವಿನ ಮಿಡಿ ಕಾಯಿಯಾಗಿ ಹುಳಿಯೇರಿರುವದೂ ಈಗಲೇ. ಬೆಲ್ಲವು ಮಹಾಲಿಂಗಪುರದ ಪೇಟೆಯಿಂದಲೋ ಇನ್ನೆಲ್ಲಿಂದಲೋ ಬಂದರೂ ಆ ಸಾಲಿನ ಗಾಣದ ಹೊಸ ಬೆಲ್ಲ. ಬಡವರ ಗಡಿಗೆಯಲ್ಲಿದ್ದುದೆಲ್ಲವೂ ಹೀಗೆ ಆ ಋತುವಿನ ಹೊಸ ವಸ್ತುವೇ. ಅದಕ್ಕೆ ಅರ್ಥ ಹಚ್ಚಲು ಯಾವ ಕೋಷ್ಟಕವೂ ಬೇಡ.

ಉಳಿದುವು ಪೇಟೆಯ ವಸ್ತುಗಳು. ಒಣಕೊಬ್ಬರಿ ತಿಪಟೂರು-ಅರಸೀಕೆರೆಗಳ ಕಡೆಯದು. ಒಣದ್ರಾಕ್ಷಿ ವಿಜಯಪುರದ್ದು. ಗೋಡಂಬಿ ಕರಾವಳಿಯದು. ಬದಾಮಿಯಲ್ಲಿ ಬಹುಪಾಲು ಈಗ ಬರುವದು ಅಮೇರಿಕೆಯ ಕ್ಯಾಲಿಫೋರ್ನಿಯದಿಂದ. ಗಸಗಸಿಯ ಕಥೆ ಇನ್ನೂ ವಿಚಿತ್ರ. ಅದು ಅಫೀಮಿನ ಗಿಡದ ಬೀಜ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಿಗೆ ಪಡೆದವರು ಮಾತ್ರ ಅದನ್ನು ಬೆಳೆಯಬಹುದು. ಸಾಲದ್ದು ತುರ್ಕಸ್ತಾನದಿಂದ ಬರುತ್ತದೆ. ನಮ್ಮ ಅಜ್ಜಿಯರು ಮುಗ್ಧವಾಗಿ ಹುರಿಯುವ ಈ ಬೀಜವನ್ನು ದುಬೈಗೆ ಒಯ್ದರೆ ಅಲ್ಲಿನ ಕಾಯದೆಯಂತೆ ಅಪರಾಧ. ಉತ್ತತ್ತಿಯೆಂದರೆ ಒಣಗಿಸಿದ ಖರ್ಜೂರ. ಹಲವು ಕಾಲ ಅದರ ಬಹುಭಾಗ ಬರುತ್ತಿದ್ದುದು ಪಾಕಿಸ್ತಾನದಿಂದ. 2019ರ ಫೆಬ್ರುವರಿಯಲ್ಲಿ ಪುಲ್ವಾಮಾದ ದಾಳಿಯ ತರುವಾಯ ನಮ್ಮ ಸರಕಾರವು ಆ ದೇಶದ ಸರಕಿನ ಮೇಲೆ ಶೇಕಡಾ 200ರಷ್ಟು ಸುಂಕ ವಿಧಿಸಿತು. 2025ರ ಮೇ ತಿಂಗಳಲ್ಲಿ ಆಮದನ್ನೇ ನಿಲ್ಲಿಸಿತು. ಹೀಗೆ ಗಡಿಯಲ್ಲಿ ನಡೆದ ಸಂಗತಿಯು ಬೆಟಗೇರಿಯ ಒಂದು ಅಡಿಗೆಮನೆಯ ಗಡಿಗೆಯವರೆಗೂ ಬರಬಲ್ಲದು. ಡಂಬಳದ ಆ ಹದಿನಾರು ಸೆಟ್ಟಿಗಳಿಗೆ ಇದು ಅರ್ಥವಾಗದ ಮಾತೇನೂ ಅಲ್ಲ.

ಪೇಟೆಯ ಈ ಸಾಮಾನುಗಳು ಒಂದು ಹಬ್ಬಕ್ಕೆ ಮೀಸಲಾದವುಗಳೂ ಅಲ್ಲ. ರಂಜಾನ ಹಬ್ಬಕ್ಕೆ ನಮ್ಮ ಮುಸಲ್ಮಾನ ನೆರೆಯವರ ಮನೆಯಲ್ಲಿ ಸುರಕುಂಬಾ ಮಾಡುತ್ತಾರೆ. ಹಾಲು, ಸಕ್ಕರೆ, ಎಳೆ ಶ್ಯಾವಿಗಿ, ಅದರಲ್ಲಿ ಉತ್ತತ್ತಿ, ದ್ರಾಕ್ಷಿ, ಬದಾಮಿ, ಗೋಡಂಬಿ, ಗಸಗಸಿ. ಅದರ ಮೂಲ ಹೆಸರಾದ ‘ಶೀರ್ ಖುರ್ಮಾ’ ಎಂಬುದು ಪಾರಸಿ ಮಾತು. ಶೀರ್ ಎಂದರೆ ಹಾಲು, ಖುರ್ಮಾ ಎಂದರೆ ಖರ್ಜೂರ. ಚಾಂದ್ರಮಾನದಲ್ಲಿ ಅಧಿಕಮಾಸ ಸೇರಿಸಿ ನಾವು ಋತುವಿನ ಜೊತೆಗೆ ಹೆಜ್ಜೆ ಹಾಕುತ್ತೇವೆ; ಚೀನದವರೂ ಹಾಗೆಯೇ ಮಾಡುವರು. ಮುಸಲ್ಮಾನರ ಪಂಚಾಂಗದಲ್ಲಿ ಅಧಿಕಮಾಸವಿಲ್ಲ. ಆದುದರಿಂದ ಅವರ ಹಬ್ಬಗಳು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತ ಹೋಗುತ್ತವೆ. ಹೀಗೆ ಸರಿಯುತ್ತ 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೂ ರಂಜಾನ 11ಕ್ಕೂ ಬಂದವು. 2025ರಲ್ಲಂತೂ ಮಾರ್ಚ್ 30 ಯುಗಾದಿ, 31 ರಂಜಾನ. ಆ ವಾರ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ನಿಂತು ನೋಡಿದವರಿಗೆ ಯಾವ ಚೀಟಿ ಬೇವಿನದು, ಯಾವ ಚೀಟಿ ಸುರಕುಂಬಾದ್ದು ಎಂದು ಹೇಳುವದು ಕಷ್ಟವಾಗುತ್ತಿತ್ತು. ಪುಟಾಣಿ ಇದ್ದರೆ ಬೇವು, ಶ್ಯಾವಿಗಿ ಇದ್ದರೆ ಸುರಕುಂಬಾ ಎನ್ನೋಣವೆಂದರೆ, ಶ್ಯಾವಿಗಿ ಎರಡೂ ಮನೆಗೆ ಬೇಕು! ಫಕೀರ ಮತ್ತು ಈಶ್ವರ ಎಂಬೆರಡು ಶಬ್ದಗಳನ್ನು ಒಂದೇ ಹೆಸರಿನಲ್ಲಿ ಇಟ್ಟುಕೊಂಡ ಮಠವಿರುವ ಶಿರಹಟ್ಟಿಯವರಿಗೆ ಈ ಗೊಂದಲದಿಂದ ಆಶ್ಚರ್ಯವಾಗಲಿಕ್ಕಿಲ್ಲ. ನಮ್ಮ ಓಣಿಯಲ್ಲಿ ಯುಗಾದಿಯ ಮುಂಜಾನೆ ಬೇವು ತುಂಬಿ ಹೋದ ತಂಬಿಗೆ ಮರುದಿನ ಸುರಕುಂಬಾ ತುಂಬಿಕೊಂಡು ಮರಳಿತು. ಖಾಲಿ ಪಾತ್ರೆ ತಿರುಗಿ ಕೊಡಬಾರದೆಂಬ ನಿಯಮ ಎರಡೂ ಮನೆಗಳಲ್ಲಿ ಒಂದೇ.

ಈಗ ಹೂವಿಗೆ ಬರೋಣ. ಹದಿಮೂರು ವಸ್ತುಗಳಲ್ಲಿ ಹೊಲದಿಂದ ಬಾರದ್ದು, ಅಂಗಡಿಯಿಂದಲೂ ಬಾರದ್ದು ಇದೊಂದೇ. ಬೇವಿನ ಮರ ನಮ್ಮ ಬಯಲುಸೀಮೆಯಲ್ಲಿ ಯಾರೂ ನೆಡದೆ ಬೆಳೆಯುವ ಮರ. ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಗುಡಿಯ ಹಿಂದೆ, ಬಸ್ಸು ನಿಲ್ಲುವ ಕಟ್ಟೆಯ ಹತ್ತಿರ. ಅದರ ಹೂವಿಗೆ ಯಾರೂ ಬೆಲೆ ಕಟ್ಟುತ್ತಿರಲಿಲ್ಲ, ಯಾರೂ ಬೇಡವೆನ್ನುತ್ತಿರಲಿಲ್ಲ. ದೊಡ್ಡ ರೈತರ ಗಡಿಗೆಗೂ ಅವರ ಆಳಿನ ಗಡಿಗೆಗೂ ಅದು ಒಂದೇ ಮರದಿಂದ ಬಂದಿರಬಹುದು. ಉತ್ತತ್ತಿ ಇದ್ದ ಮನೆ ಯಾವುದು, ಇಲ್ಲದ ಮನೆ ಯಾವುದು ಎಂಬುದನ್ನು ಮೊದಲ ಗುಟುಕೇ ಹೇಳಿಬಿಡುತ್ತದೆ. ಆದರೆ ಗಡಿಗೆಗೆ ಹೆಸರು ಬಂದದ್ದು ಉತ್ತತ್ತಿಯಿಂದಲ್ಲ, ಬೆಲ್ಲದಿಂದಲೂ ಅಲ್ಲ. ಚಿಟಿಕೆಯಷ್ಟಿರುವ, ಬಿಟ್ಟಿ ಸಿಗುವ ಹೂವಿನಿಂದ. ಚೀನದವರು ತಮ್ಮ ತಿನಿಸಿಗೆ ನಿಧಿಗಳ ಹೆಸರಿಟ್ಟರು. ನಮ್ಮ ಹಿರಿಯರು ಹನ್ನೆರಡು ನಿಧಿಗಳನ್ನು ಹಾಕಿಯೂ ಹದಿಮೂರನೆಯದಾದ ಕಹಿಯ ಹೆಸರನ್ನೇ ಇಟ್ಟರು. ನಮ್ಮ ಬೇವಿನ ಸಂಕೇತವನ್ನು ಇಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ.

ಆದ್ದರಿಂದಲೇ ಇತ್ತೀಚಿನ ಒಂದು ರೂಢಿ ನನಗೆ ಸಣ್ಣ ವಿಷಯವಾಗಿ ಕಾಣುವದಿಲ್ಲ. ಅಂಗಡಿಗಳಲ್ಲಿ ಈಗ ‘ಬೇವಿನ ಪುಡಿ’ಯ ಪೊಟ್ಟಣ ಸಿಗುತ್ತದೆ. ಪುಟಾಣಿ, ಕೊಬ್ಬರಿ, ಗಸಗಸಿ, ಉತ್ತತ್ತಿ ಎಲ್ಲವನ್ನೂ ಹದವಾಗಿ ಬೆರೆಸಿರುತ್ತಾರೆ. ನೀರಿಗೆ ಬೆಲ್ಲದೊಂದಿಗೆ ಕಲಸಿದರಾಯಿತು. ರುಚಿಯಲ್ಲಿ ದೋಷವಿಲ್ಲ. ಆದರೆ ನಾನು ಬಿಚ್ಚಿ ನೋಡಿದ ಪೊಟ್ಟಣಗಳಲ್ಲಿ ಹೂವು ಇರಲಿಲ್ಲ. ಹೂವನ್ನು ನೀವೇ ಹಾಕಿಕೊಳ್ಳಿರೆಂಬುದು ಅಂಗಡಿಯವರ ಎಣಿಕೆ. ಮಕ್ಕಳು ಕುಡಿಯುವದಿಲ್ಲವೆಂದು ಎಷ್ಟೋ ತಾಯಂದಿರು ಹಾಕುವದನ್ನು ಬಿಟ್ಟಿದ್ದಾರೆ. ಬೇವು ಇಲ್ಲದ ಬೇವು! ಆಗ ಗಡಿಗೆಯಲ್ಲಿ ಉಳಿಯುವದೇನು? ಯಾರು ಏನೇನು ಕೊಂಡು ತರಬಲ್ಲರು ಎಂಬುದಷ್ಟೆ. ಅಜ್ಜನ ಎರಡು ಗಡಿಗೆಗಳನ್ನು ಒಂದು ಮಾಡಿದ್ದ ವಸ್ತು ಹೊರಗೆ ಮರದ ಕೆಳಗೆ ಬಿದ್ದು ಕಸಬರಿಗೆಯ ಪಾಲಾಗುತ್ತದೆ. ಮಕ್ಕಳು ಒಲ್ಲೆನೆನ್ನುವರೆಂಬ ಮಾತನ್ನೂ ನಾನು ಪೂರ್ತಿ ನಂಬಲಾರೆ. ಎಲೆಯ ಕಹಿಗೂ ಹೂವಿನ ಕಹಿಗೂ ಬಹಳ ಅಂತರ. ಹೂವಿಗೆ ಜೇನಿನ ಪರಿಮಳವುಂಟು, ಅದರ ಕಹಿ ಗುಟುಕಿನ ಕೊನೆಗೆ ಬಂದು ಹೋಗುತ್ತದೆ.

ಯುಗಾದಿ ಬೇಗ ಬಂದ ವರ್ಷ ನಿಜವಾದ ತೊಡಕು ಉಂಟು. 2023ರಲ್ಲಿ ಅದು ಮಾರ್ಚ್ 22ಕ್ಕೆ ಬಂದಿತ್ತು; ಆ ವರ್ಷದ ಶ್ರಾವಣ ಅಧಿಕಮಾಸವಾದುದರಿಂದ 2024ರಲ್ಲಿ ಏಪ್ರಿಲ್ 9ಕ್ಕೆ ಸರಿಯಿತು. ಮರಕ್ಕೆ ಪಂಚಾಂಗ ತಿಳಿಯದು. ಬೇಗ ಬಂದ ಯುಗಾದಿಗೆ ಕೆಲವು ಮರಗಳಲ್ಲಿ ಮೊಗ್ಗು ಮಾತ್ರ ಇರುತ್ತದೆ. ಇದಕ್ಕೆ ನಮ್ಮ ಅವ್ವ ಮಾಡುವ ಉಪಾಯವನ್ನು ಹೇಳಿ ಲೇಖನಿ ಕೆಳಗಿಡುವೆನು. ಮರ ತುಂಬ ಅರಳಿದಾಗ ನಸುಕಿನಲ್ಲಿ ಮರದ ಕೆಳಗೆ ಹಳೆಯ ಸೀರೆ ಹಾಸಿ ಟೊಂಗೆಗಳನ್ನು ಮೆಲ್ಲಗೆ ಅಲುಗಿಸಬೇಕು. ಕಡ್ಡಿಯಿಂದ ಬಡಿದರೆ ಎಲೆಯೂ ಎಳೆಗಾಯಿಯೂ ಬೀಳುತ್ತವೆ. ಬಿದ್ದ ಹೂವನ್ನು ಮೊರದಲ್ಲಿ ಕೇರಿ ಇರುವೆ ಕಡ್ಡಿಗಳನ್ನು ತೆಗೆದು, ನೆರಳಿನಲ್ಲಿ ತೆಳ್ಳಗೆ ಹರವಿ ಮೂರು ನಾಲ್ಕು ದಿನ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಪರಿಮಳ ಹೋಗುತ್ತದೆ. ಗರಿಗರಿಯಾದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟರೆ ಮುಂದಿನ ಯುಗಾದಿಯವರೆಗೂ ಕೆಡುವದಿಲ್ಲ. ಒಂದು ಗಡಿಗೆಗೆ ಒಣ ಹೂವು ಎರಡು ಚಿಟಿಕೆ ಸಾಕು. ಅದನ್ನು ಅಂಗೈಯಲ್ಲಿ ತಿಕ್ಕಿ, ನೈವೇದ್ಯಕ್ಕೆ ಎತ್ತುವ ತುಸು ಮೊದಲು ಹಾಕಬೇಕು. ರಾತ್ರಿಯೇ ಹಾಕಿಟ್ಟರೆ ಕಹಿ ಬಿಟ್ಟುಕೊಂಡು ಇಡಿಯ ಗಡಿಗೆ ಕುಡಿಯಲಾರದಂತಾಗುತ್ತದೆ.